ಸಮಿತಿಯವರೇ, ಬರೆದುಕೊಳ್ಳಿ

ಬ್ಯಾಂಡಿನವರನ್ನು ಕಣ್ಣಲ್ಲೇ ಗದರಿಸಿ ಸುಮ್ಮನಾಗಿಸಿರುವ ಊರಿನ ಅಧ್ಯಕ್ಷರಾದ ಕ್ರಿಸೋಫೊರೊ ಮಾವನವರೇ, ಒಆಹಾಕಾ ನಗರದ ವಿಶ್ವವಿದ್ಯಾಲಯದಿಂದ ಘಟ್ಟದ ತಿರುವುಗಳನ್ನೆಲ್ಲ ಸಹಿಸಿಕೊಂಡು ಬಂದಿರುವ ಡಾಕ್ಟರ್ ಗ್ರಿಸೆಲ್ದಾ ಅವರೇ, ಈ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ನೆರಳಿರುವ ಕಡೆಗೇ ಕುರ್ಚಿ ಎಳೆದುಕೊಂಡು ಕೂತಿರುವ ಸಾನ್ ಒನೋಫ್ರೆಯ ಸಭಿಕರೇ,

ನನಗೆ ಭಾಷಣ ಬರುವುದಿಲ್ಲ. ಆದರೆ ಅಧಿಕಾರ ಬಿಡುವ ಸಮಿತಿ ಮಾತಾಡಲೇಬೇಕು ಎಂಬುದು ಊರಿನ ಪದ್ಧತಿ. ಬ್ಲಾಗ್ ಸಮಿತಿ ಎಂದರೆ ನಾನೊಬ್ಬಳೇ, ನೆರೇಯಿದಾ.

ಅಳಿವಿನಂಚಿನ ನುಡಿಗಳ ಬಗ್ಗೆ ವಿಶ್ವವಿದ್ಯಾಲಯ ನಡೆಸುವ ಬ್ಲಾಗಿಗೆ ನಮ್ಮ ಮಾತಿನಲ್ಲಿ ಯಾರಾದರೂ ಬರೆಯಬಹುದೇ ಎಂದು ಕಳೆದ ವರ್ಷ ಡಾಕ್ಟರ್ ಕೇಳಿದ್ದರು. ಪಾಪ, ವಿನಯದಿಂದಲೇ ಕೇಳಿದ್ದರು. ಆದರೆ ‘ಯಾರಾದರೂ’ ಎಂಬ ಮಾತು ನಮ್ಮ ಗ್ರಾಮಸಭೆಯ ಕಿವಿಗೆ ಬೀಳುವುದಿಲ್ಲ. ರಸ್ತೆ ರಿಪೇರಿಗೆ, ನೀರಿನ ಕೊಳವೆಗೆ ಮನೆಗೊಬ್ಬರು ಪುಕ್ಕಟೆ ದುಡಿಯುವ ತೇಕಿಯೊ ಇದೆಯಲ್ಲ, ಅದಕ್ಕೇ ಬ್ಲಾಗನ್ನೂ ಸೇರಿಸಿಬಿಟ್ಟರು. ತಿಂಗಳಿಗೊಮ್ಮೆ ಪ್ರತಿ ಮನೆಯೂ ಒಂದು ಬರಹ ಕೊಡಬೇಕು. ಬರೆಯಲು ಬಾರದವರು ಹೇಳಬೇಕು, ಸಮಿತಿ ಬರೆದುಕೊಳ್ಳಬೇಕು. “ಸಾಹಿತ್ಯ ಓದ್ಕೊಂಡು ಬಂದಿದಾಳೆ, ಗುದ್ದಲಿ ಹಿಡಿಯೋಕಂತೂ ಆಗಲ್ಲ, ಇದನ್ನಾದ್ರೂ ಮಾಡ್ಲಿ” ಎಂದರು ಕ್ರಿಸೋಫೊರೊ ಮಾವ. ಎಲ್ಲರೂ ಕೈ ಎತ್ತಿದಿರಿ. ನನ್ನನ್ನು ಯಾರಾದರೂ ಕೇಳಿದಿರಾ?

ಇಂದು ಡಾಕ್ಟರ್ ನಿಮಗೆಲ್ಲ ಶಾಲು ಹೊದಿಸಿ ‘ಅಮೂಲ್ಯ ಲೇಖಕರು’ ಎಂದು ಕರೆದಿದ್ದಾರೆ. ಸಂತೋಷ. ಆದರೆ ಎಲೆಉತೇರಿಯೊ ಅಣ್ಣನವರೇ, ನೀವು ಬರೆಸಿದ್ದೇನು? ಪಕ್ಕದ ಮನೆಯ ಒದಿಲೋನರ ಹೇಸರಗತ್ತೆ ನಿಮ್ಮ ಬೀನ್ಸ್ ಮೇಯ್ದದ್ದು. ಮುಂದಿನ ತಿಂಗಳು ಒದಿಲೋನ್ ಬರೆಸಿದ್ದೇನು? ಅದು ಬೀನ್ಸೇ ಅಲ್ಲ, ಕಳೆ ಎಂದು. ಅದರ ಮುಂದಿನ ತಿಂಗಳು? ಹೋಗಲಿ ಬಿಡಿ, ಹೆಂಗಸರಿದ್ದಾರೆ. “ಸ್ವಲ್ಪ ಆಳವಾದದ್ದು ಇದ್ದರೆ ಕಳಿಸಿ, ಪುರಾಣ, ಆಚರಣೆ” ಎಂದು ಡಾಕ್ಟರ್ ನನಗೆ ಬರೆಯುತ್ತಿದ್ದರು. ನಾನು ಎಲ್ಲಿಂದ ತರಲಿ? ಕೇಳಿದರೆ ಎಲೆಉತೇರಿಯೊ ಅಣ್ಣ, “ಆಳ ಬೇಕಾ? ಆ ಕತ್ತೆ ಬಾವಿಗೆ ಬಿದ್ದಿದ್ದು ಹೇಳ್ಲಾ?” ಎಂದರು.

ಡಾಕ್ಟರ್, ನಿಮ್ಮ ಕಡೆಯ ಲೇಖಕರೂ ಕಡಿಮೆಯೇನಲ್ಲ. ನಿಮ್ಮ ವಿದ್ಯಾರ್ಥಿಯೊಬ್ಬರು ಇಲ್ಲಿಗೆ ಬಂದು ಹೋಗಿ ‘ಮಾತು ಸತ್ತ ಊರು’ ಎಂದು ಬರೆದರು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲವಂತೆ, ಗಾಳಿಯ ಸದ್ದು ಮಾತ್ರವಂತೆ. ಹೌದು, ಅಂದು ಪಕ್ಕದೂರಿನಲ್ಲಿ ಬ್ಯಾಸ್ಕೆಟ್‌ಬಾಲ್ ಫೈನಲ್ ಇತ್ತು. ಆ ಬರಹವನ್ನು ದೇಶವಿಡೀ ಓದಿದರು. ಕತ್ತೆಯ ಬರಹವನ್ನು ಓದಿದ್ದು ಒದಿಲೋನ್ ಮಾತ್ರ.

ಇರಲಿ. ಈ ಎಲ್ಲದರ ನಡುವೆ ನನ್ನನ್ನು ಅತಿ ಹೆಚ್ಚು ಗೋಳಾಡಿಸಿದ ಲೇಖಕಿಯ ಬಗ್ಗೆ ಎರಡು ಮಾತು ಹೇಳಬೇಕು. ಅವರ ಹೆಸರು ಹೆರ್ಲಿಂದಾ. ಅಲ್ಲಿ ತಮಾಲೆ ಕಡುಬು ಬೇಯುತ್ತಿರುವ ಹಂಡೆಯ ಹಿಂದೆ, ಇತ್ತ ನೋಡದೆ ನಿಂತಿದ್ದಾರಲ್ಲ, ಅವರು. ನನ್ನ ತಾಯಿ.

ನಾನು ನರ್ಸ್ ಓದಬೇಕೆಂದು ಅವರ ಆಸೆ. ನಾನು ಸಾಹಿತ್ಯ ಓದಿದೆ. “ಜ್ವರ ಬಂದವರಿಗೆ ಪದ್ಯ ಕುಡಿಸ್ತೀಯಾ?” ಎಂದು ಕೇಳಿದ್ದೇ ಕೊನೆ, ಆಮೇಲೆ ನನ್ನೊಂದಿಗೆ ಮಾತಿಲ್ಲ. ಮನೆಯಲ್ಲಿ ಒಂದು ಟರ್ಕಿ ಕೋಳಿ ಇದೆ, ಎಲ್ಲ ಅದಕ್ಕೇ ಹೇಳುತ್ತಾರೆ. “ಹಸಿವಾದೋರು ಬಡಿಸ್ಕೊಂಡು ತಿನ್ನಬೌದು ಅಂತ ಹೇಳೇ ಕೋಳಿ.” ಆ ಕೋಳಿಗೆ ನಮ್ಮ ಮನೆಯ ಸಮಾಚಾರ ನನಗಿಂತ ಚೆನ್ನಾಗಿ ಗೊತ್ತು.

ಆದರೆ ತೇಕಿಯೊ ಯಾರನ್ನೂ ಬಿಡುವುದಿಲ್ಲ. ಪ್ರತಿ ತಿಂಗಳೂ ಅವರು ಒಗೆದ ಶಾಲು ಹೊದ್ದು ಸಮಿತಿಯ ಕೋಣೆಗೆ ಬರುತ್ತಿದ್ದರು, ಅಪರಿಚಿತರ ಹಾಗೆ ಬಾಗಿಲು ತಟ್ಟುತ್ತಿದ್ದರು. “ಸಮಿತಿಯವರೇ, ಬರೆದುಕೊಳ್ಳಿ. ನಮ್ಮೂರಲ್ಲಿ ಒಬ್ಳು ಹುಡುಗಿ ಇದಾಳೆ. ಕೆಮ್ಮಿದ್ರೂ ತಲೆಗೆ ಬಟ್ಟೆ ಕಟ್ಟಲ್ಲ. ತಾಯಿ ಮಾತು ಕೇಳೋದು ಅನ್ನೋ ಪದ್ಧತಿ ಅಳಿವಿನಂಚಿಗೆ ಬಂದಿದೆ. ಬರೆದ್ರಾ?” ಬರೆದೆ. ಏನು ಮಾಡಲಿ? ಸಮಿತಿಗೆ ಎದುರು ಮಾತಾಡುವ ಹಕ್ಕಿಲ್ಲ. ಇಂಥದ್ದನ್ನು ತಿಂಗಳು ತಿಂಗಳು ಬರೆದುಕೊಂಡು, ಪ್ರಕಟಿಸಿ, ಕೆಳಗೆ ಅವರ ಹೆಸರು ಹಾಕುವ ಕಷ್ಟ ನಿಮಗೆ ಗೊತ್ತೇ?

ಕಳೆದ ತಿಂಗಳು ಅವರು ಬೇರೆಯದನ್ನು ಹೇಳಿದರು. “ಬರೆದುಕೊಳ್ಳಿ. ಎಷ್ಟೋ ವರ್ಷದ ಹಿಂದೆ ನಮ್ಮವ್ವನ್ನ ಕೆಳಗಿನ ಪೇಟೆ ಆಸ್ಪತ್ರೆಗೆ ಸೇರಿಸಿದ್ವಿ. ರಾತ್ರಿ ನಮ್ಮನ್ನ ಒಳಗೆ ಬಿಡ್ಲಿಲ್ಲ. ಅವಳಿಗೆ ಸ್ಪ್ಯಾನಿಷ್ ಬರಲ್ಲ, ಅಲ್ಲಿ ಯಾರಿಗೂ ನಮ್ಮ ಮಾತು ಬರಲ್ಲ. ಬೆಳಿಗ್ಗೆ ಹೋದ್ರೆ ಕಣ್ಣು ಮುಚ್ಚಿದ್ಲು. ರಾತ್ರಿಯೆಲ್ಲ ಏನೋ ಕೇಳ್ತಾನೇ ಇದ್ಲಂತೆ. ಏನು ಕೇಳಿದ್ಲು ಅಂತ ಹೇಳೋಕೆ ಯಾರೂ ಇರ್ಲಿಲ್ಲ. ಅದಕ್ಕೇ ನಾನು ನನ್ನ ಮಗಳನ್ನ...”

ಅಲ್ಲಿಗೆ ನಿಲ್ಲಿಸಿದರು. ಶಾಲು ಸರಿಮಾಡಿಕೊಂಡರು. “ಒಲೆ ಮೇಲೆ ಬೀನ್ಸ್ ಇಟ್ಟು ಬಂದಿದೀನಿ. ಉಳಿದದ್ದು ಇನ್ನೊಂದ್ಸಲ” ಎಂದು ಎದ್ದು ಹೋದರು.

ಈಗ ತಾನೇ ಡಾಕ್ಟರ್ ಸಂತೋಷದ ಸುದ್ದಿ ಹೇಳಿದರು. ಇನ್ನು ಮುಂದೆ ಎಲ್ಲರೂ ಫೋನಿಗೇ ಮಾತಾಡಿದರೆ ಸಾಕು, ಅದೇ ಬರೆದುಕೊಳ್ಳುತ್ತದೆ, ಬೇರೆ ಯಾರೂ ಬೇಡ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ನಾನು ಎಷ್ಟು ಸಲ ಬೇಡಿಕೊಂಡಿಲ್ಲ, ಈ ಕೆಲಸದಿಂದ ಬಿಡಿಸಿ ಎಂದು?

ಆದರೆ ಅಧ್ಯಕ್ಷರೇ, ಅರ್ಧ ಅಗೆದ ಕಾಲುವೆಯನ್ನು ಹಾಗೇ ಬಿಟ್ಟು ಗುದ್ದಲಿ ಒಪ್ಪಿಸಿದ ಸಮಿತಿಯನ್ನು ಈ ಊರು ಎಂದಾದರೂ ಬಿಡುಗಡೆ ಮಾಡಿದೆಯೇ? ನನ್ನಲ್ಲಿ ಒಂದು ಮನೆಯ ಬರಹ ಪೂರ್ತಿಯಾಗದೆ ಉಳಿದಿದೆ. ಆ ಲೇಖಕಿ ಫೋನಿಗೆ ಮಾತಾಡುವವರಲ್ಲ. ಕೋಳಿಗೆ ಅದನ್ನು ಬರೆದುಕೊಳ್ಳಲು ಬರುವುದಿಲ್ಲ. ಆದ್ದರಿಂದ ಕೋಣೆಯ ಕೀಲಿಯನ್ನು ಇಂದು ಒಪ್ಪಿಸಲಾಗುತ್ತಿಲ್ಲ. ಇದು ನನ್ನ ಹಟವಲ್ಲ, ಊರಿನ ನಿಯಮ. ಸಮಿತಿ ಪ್ರತಿ ಸಂಜೆ ಬಾಗಿಲು ತೆರೆದು ಕೂತಿರುತ್ತದೆ. ತಲೆಗೆ ಬಟ್ಟೆ ಕಟ್ಟಿಕೊಂಡೇ ಕೂತಿರುತ್ತದೆ.

ಊಟ ತಯಾರಾಗಿದೆ ಎಂದು ಹಂಡೆಯ ಕಡೆಯಿಂದ ಕೈಸನ್ನೆ ಬರುತ್ತಿದೆ. ನನಗಲ್ಲ, ಅಧ್ಯಕ್ಷರಿಗೆ. ಇಷ್ಟು ಹೊತ್ತು ಕೂತು ಕೇಳಿದ ನಿಮಗೆ, ಕತ್ತೆಗೂ ಸೇರಿಸಿ, ನನ್ನ ವಂದನೆಗಳು.

ನಮಸ್ಕಾರ.