ಸೊನ್ನೆ ನೋಡದ ಪಂಡಿತರು

ಯಾವುದೋ ಒಂದು ಪೇಟೆ, ಅಲ್ಲಿ ಔಷಧ ತಯಾರಿಸುವ ಪಂಡಿತರೊಬ್ಬರು. ಅವರ ಕೈಗುಣ ದೊಡ್ಡದು. ತಮ್ಮ ಮೇಲೆ ಅವರಿಗಿದ್ದ ನಂಬಿಕೆ ಅದಕ್ಕಿಂತ ದೊಡ್ಡದು. ಅವರ ಪ್ರಯೋಗಾಲಯದಲ್ಲಿ ಗಾಜಿನ ಗೂಡಿನೊಳಗೆ ಒಂದು ವಿದ್ಯುತ್ ತಕ್ಕಡಿ ಇತ್ತು. ಎಂಥ ತಕ್ಕಡಿ! ಕೇಸರಿಯ ಒಂದೇ ಒಂದು ಎಳೆ ಬಿದ್ದರೂ ಅಂಕಿ ಅಲುಗುತ್ತಿತ್ತು.

ಆಯುಧಪೂಜೆ ಬಂತು. ತಟ್ಟೆಯ ಮೇಲ್ಭಾಗ ಕೊಳೆಯಾಗಬಾರದೆಂದು ಪಂಡಿತರು ಅದರ ಅಡಿಗೆ ಗಂಧ ಮೆತ್ತಿ, ಚೆಂಡುಹೂವಿನ ಎಸಳು ಅಂಟಿಸಿದರು. ಮಂಗಳಾರತಿ ಆದ ಮೇಲೆ ಗುಂಡಿ ಒತ್ತಿ ಸೊನ್ನೆಗೆ ತಂದರು.

"ಪೂಜೆ ಗಳಿಗೇಲಿ ಮಾಡಿದ ಸೊನ್ನೆ ಇದು. ಆರಿಸೋದೂ ಬೇಡ, ಆ ಗುಂಡಿ ಮುಟ್ಟೋದೂ ಬೇಡ."

ನೋಡಿ, ಎಡವಟ್ಟಾದದ್ದು ಅಲ್ಲೇ. ಹಸಿ ಗಂಧ ಒಣಗದೆ ಇರುತ್ತದೆಯೇ? ಹೂವು ಬಾಡದೆ ಇರುತ್ತದೆಯೇ? ಅವುಗಳ ನೀರು ಆರಿದಷ್ಟೂ ತಕ್ಕಡಿ ಸೊನ್ನೆಯಿಂದ ಕೆಳಗೆ ಇಳಿಯಿತು.

ಪಂಡಿತರು ದಿನಾ ಬೆಳಿಗ್ಗೆ ಕೇಸರಿಯ ಬಾಟಲಿ ತೂಗುತ್ತಿದ್ದರು. ತೂಗುವ ಮುನ್ನ ಕಣ್ಣು ಮುಚ್ಚಿ ಶ್ಲೋಕ. ಕಣ್ಣು ತೆರೆಯುವ ಹೊತ್ತಿಗೆ ಸಹಾಯಕಿ ಬಾಟಲಿಯನ್ನು ತಟ್ಟೆಯ ಮೇಲೆ ಇಟ್ಟಿರುತ್ತಿದ್ದಳು. ಬರಿದಾದ ತಕ್ಕಡಿ ಏನು ಹೇಳುತ್ತಿದೆ ಎಂದು ಅವರು ನೋಡಲೇ ಇಲ್ಲ. ನೋಡಿದ್ದು ಒಂದನ್ನೇ: ಬಾಟಲಿ ಯಾರೂ ತೆರೆಯದಿದ್ದರೂ ದಿನದಿನಕ್ಕೆ ಹಗುರಾಗುತ್ತಿದೆ.

ಕೇಸರಿ ಇಡುವ ಬೀರುವಿನ ಕೀ ಇದ್ದದ್ದು ಆ ಸಹಾಯಕಿ ನಿಂಗಾಜಮ್ಮನ ಸೆರಗಿನ ಗಂಟಿನಲ್ಲಿ. ಅವಳ ಮಗಳು ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಾಳೆ. ಪಂಡಿತರ ತಲೆಯಲ್ಲಿ ಲೆಕ್ಕ ಕೂಡಿಬಿಟ್ಟಿತು. ಐದನೆಯ ದಿನ ಕೆಲಸದವರೆಲ್ಲರೂ ಚಹಾ ಕುಡಿಯುತ್ತಿದ್ದಾಗ ಕೇಳಿಯೇಬಿಟ್ಟರು.

"ಏನಮ್ಮ, ಮಗಳಿಗೆ ದಿನಾ ಕೇಸರಿ ಹಾಲೋ?"

ಲೋಟಗಳೆಲ್ಲ ಕೈಯಲ್ಲೇ ನಿಂತವು. ನಿಂಗಾಜಮ್ಮನ ಮುಖ ಕೆಂಪಾಯಿತು. ನಾಳಿದ್ದು ಸೀಮಂತ. ಬೀಗರ ಕಿವಿಗೆ ಈ ಮಾತು ಬಿದ್ದರೆ ಮಗಳು ತಲೆ ಎತ್ತುವುದು ಹೇಗೆ? ಅವಳು ಅಳಲಿಲ್ಲ. ಪಂಡಿತರನ್ನು ಒಳಗೆ ಕರೆದಳು.

"ಬಾಟ್ಲಿ ಆಚೆ ಮಡಗಿ ಪಂಡಿತ್ರೇ. ಒಸಿ ಏನೂ ಇಡ್ದೆ ತೂಗಿ."

"ಏನೂ ಇಡದೆ ತೂಗೋದೇನಮ್ಮ?"

"ಕಣ್ಣು ಬಿಟ್ಕೊಂಡು ತೂಗಿ."

ಗಾಜಿನ ಬಾಗಿಲು ಮುಚ್ಚಿದರು. ತಟ್ಟೆ ಬರಿದು. ಆದರೂ ಅಂಕಿ ಸೊನ್ನೆಯಿಂದ ಮುನ್ನೂರು ಮಿಲಿಗ್ರಾಂ ಕೆಳಗೆ!

"ನೋಡಿ, ಏನೂ ಇಲ್ದೇ ಇರೋದ್ರಲ್ಲೂ ಕಮ್ಮಿ ಆಗೈತೆ. ಅದನ್ನೂ ನಾನೇ ಕದ್ನಾ?"

ಪಂಡಿತರು ತಟ್ಟೆ ಎತ್ತಿ ತಿರುಗಿಸಿದರು. ಒಣಗಿ ಬಿರಿದ ಗಂಧ, ಸುರುಟಿದ ಎಸಳು. ಬೆವರು ಒರೆಸಿಕೊಂಡರು.

"ಯಾರಿಗೂ ಹೇಳ್ಬೇಡ ಕಣಮ್ಮ."

"ನಾನ್ಯಾಕೆ ಹೇಳ್ಲಿ? ಕೇಳಿದ್ದು ನೀವು. ಹೇಳೋದೂ ನೀವೇ."

ಪಂಡಿತರು ಹೊರಗೆ ಹೋಗಿ, ಅದೇ ಜನರ ಮುಂದೆ, ತಟ್ಟೆಯಡಿಯ ಒಣಗಿದ ಗಂಧ ತೋರಿಸಿ, ಅದೇ ದನಿಯಲ್ಲಿ ಹೇಳಿದರು: "ತಪ್ಪು ಅವಳದ್ದಲ್ಲ, ನನ್ನದು." ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು, ಪಂಡಿತರೂ ನಕ್ಕರು. ನಿಂಗಾಜಮ್ಮ ಮಾತ್ರ ಅಂದು ಮನೆಗೆ ಹೋಗುವ ದಾರಿಯಲ್ಲೇ ನಿರ್ಧರಿಸಿಬಿಟ್ಟಳು. ಮಗಳಿಗಾಗಲಿ, ಬೀಗರಿಗಾಗಲಿ, ಬೀದಿಯವರಿಗಾಗಲಿ ಈ ಸಂಗತಿ ಹೇಳುವುದಿಲ್ಲವೆಂದು.

ಈಗ ಹೇಳಿ, ನಗುತ್ತಿದ್ದೀರಲ್ಲ, ನೀವು ಕೊನೆಯ ಸಲ ನಿಮ್ಮ ಮನಸ್ಸಿನ ಸೊನ್ನೆ ನೋಡಿಕೊಂಡದ್ದು ಯಾವಾಗ? ಎಂದೋ ಒಂದು ವ್ರತ ಮಾಡಿದಿರಿ, ಅಂದು ಮನಸ್ಸು ಶುದ್ಧವಾಗಿತ್ತು, ಸರಿ. ಇಂದು? ಸೊಸೆಯನ್ನು ತೂಗುತ್ತೀರಿ, ಕೆಲಸದವಳನ್ನು ತೂಗುತ್ತೀರಿ, ಪಕ್ಕದ ಮನೆಯವರನ್ನು ತೂಗುತ್ತೀರಿ. ನಾಳೆಯಿಂದ ಯಾರನ್ನಾದರೂ ಕಡಿಮೆ ಎನ್ನುವ ಮೊದಲು ಒಂದು ನಿಮಿಷ ಬಾಯಿ ಮುಚ್ಚಿ ಕುಳಿತು ನಿಮ್ಮನ್ನೇ ನೋಡಿಕೊಳ್ಳಿ: ರಾತ್ರಿ ನಿದ್ದೆ ಬಂದಿತ್ತೇ? ಹಳೆಯ ಸಿಟ್ಟು ಉಳಿದಿದೆಯೇ? ಆದರೂ ತಪ್ಪಿ ಅಂದುಬಿಟ್ಟರೆ, ನಾಲ್ಕು ಜನರ ಮುಂದೆ ಅಂದದ್ದಕ್ಕೆ ಅಡುಗೆಮನೆಯ ಮೂಲೆಯಲ್ಲಿ ಕ್ಷಮೆ ಕೇಳಬೇಡಿ. ಆ ನಾಲ್ಕು ಜನರನ್ನೂ ಕರೆಯಿರಿ.