ಊರ ಮಾನ, ಗವಂಡಿಯ ಮೊಣಕಾಲು

ಇವತ್ತಿನ ಪ್ರವಚನದಲ್ಲಿ ತ್ಯಾಗದ ಬಗ್ಗೆ ಮಾತಾಡಬೇಕು ಎಂದು ಕಮಿಟಿಯವರು ಹೇಳಿದ್ದಾರೆ. ಅದು ದೊಡ್ಡ ಮಾತು. ನನ್ನ ಬಾಯಲ್ಲಿ ಎಷ್ಟು ಹಿಡಿಸುತ್ತದೋ ಎಂಬ ಅಳುಕು ನನಗಿದೆ. ಆದ್ದರಿಂದ ಒಂದು ಕಥೆ ಹೇಳಿಬಿಡುತ್ತೇನೆ.

ಒಂದೂರಲ್ಲಿ ಒಬ್ಬ ಸಾಹುಕಾರನಿದ್ದ. ಬೆಲ್ಲದ ವ್ಯಾಪಾರಿ. ಯಾವ ಊರು ಎಂದು ಕೇಳಬೇಡಿ, ಹೇಳಿದರೆ ಮುಂದಿನ ಸಾಲಿನವರಿಗೆ ಮುಜುಗರ. ಈ ಸಾಹುಕಾರನಿಗೆ ತ್ಯಾಗವೆಂದರೆ ಪ್ರಾಣ. ಯಾರ ತ್ಯಾಗ? ನೋಡಿ, ಅದನ್ನೇ ಹೇಳಲು ಹೊರಟಿದ್ದೇನೆ.

ಊರಿನ ಕಬಡ್ಡಿ ತಂಡಕ್ಕೆ ಅವನೇ ಅಧ್ಯಕ್ಷ. ತಂಡದ ಜೀವ ಮಾತ್ರ ಒಬ್ಬ ಗವಂಡಿ. ಹಗಲೆಲ್ಲ ಇಟ್ಟಿಗೆ ಕಟ್ಟಿ, ಸಂಜೆ ಮೈಯ ಸಿಮೆಂಟು ತೊಳೆದುಕೊಂಡು ಅಂಕಣಕ್ಕೆ ಇಳಿಯುತ್ತಿದ್ದ. ಅವನು ಗೆರೆ ದಾಟಿದರೆ ಎದುರಿನವರ ಕಾಲು ತಣ್ಣಗಾಗುತ್ತಿತ್ತು.

ಆ ವರ್ಷ ದೊಡ್ಡ ಪಂದ್ಯಾವಳಿ. ಪೆಂಡಾಲಿನವನಿಗೆ ದುಡ್ಡು, ಮೈಕಿನವನಿಗೆ ದುಡ್ಡು, ಬ್ಯಾಂಡಿನವರಿಗೆ ದುಡ್ಡು, ಸೀಟಿ ಊದುವವನಿಗೂ ದುಡ್ಡು. ಭಾಷಣಕ್ಕೆ ಬಂದವರಿಗೆ ಕವರು. ನಗಬೇಡಿ, ಪ್ರವಚನಕ್ಕೆ ಬಂದವರಿಗೂ ಕೊಡುತ್ತಾರೆ, ನಿಮಗೂ ಗೊತ್ತು ನನಗೂ ಗೊತ್ತು. ಮತ್ತೆ ಆಡುವವರಿಗೆ? ಒಂದೊಂದು ಬಾಳೆಹಣ್ಣು. ಯಾಕೆಂದರೆ ಆಟ ಪವಿತ್ರ! ಸೀಟಿ ಪವಿತ್ರವಲ್ಲ, ಕುರ್ಚಿ ಪವಿತ್ರವಲ್ಲ, ಮೈಕು ಪವಿತ್ರವಲ್ಲ. ಆಟ ಒಂದೇ ಪವಿತ್ರ.

ಸೆಮಿಫೈನಲಿನಲ್ಲಿ ಗವಂಡಿಯ ಮೊಣಕಾಲು ತಿರುಚಿತು. ಊರು ಗೆದ್ದಿತು, ಕಾಲು ಊದಿತು. ವಿಶ್ರಾಂತಿ ತೆಗೆದುಕೊಂಡರೆ ಸರಿಹೋಗುತ್ತದೆ, ಈಗ ಆಡಿದರೆ ಕಾಲು ಕೆಲಸಕ್ಕೆ ಬಾರದು ಎಂದು ಡಾಕ್ಟರು ಹೇಳಿದರು. ಫೈನಲ್ ಭಾನುವಾರ. ಸಾಹುಕಾರ ತನ್ನ ಮನೆಯಲ್ಲಿ ಸಭೆ ಕರೆದ. ಗವಂಡಿ ಹೆಂಡತಿಯ ಹೆಗಲು ಹಿಡಿದು ಕುಂಟುತ್ತ ಬಂದ.

"ತಮ್ಮಾ, ಐತವಾರ ನೀ ಇಳೀಲಿಲ್ಲಂದ್ರ ಊರ ಮಾನ ಹೋಗ್ತೈತಿ" ಎಂದ ಸಾಹುಕಾರ.

"ಸಾವ್ಕಾರ್ರ, ಕಾಲು ಮಡಚಾಕ ಬರವಲ್ದು. ಆಡಿದ್ರ ಮುಂದ ಕಟ್ಟಡ ಏರೂದು ಬಂದ್ ಅಂದಾರ ಡಾಕ್ಟರು."

"ಡಾಕ್ಟರ್ ಹಂಗ ಅಂತಾರೋ. ಎಣ್ಣಿ ಹಚ್ಚಿ ತಿಕ್ಕು."

ಗವಂಡಿ ಊದಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಮುಂದಿಟ್ಟ. "ಆತ್ರಿ, ಆಡ್ತೀನಿ. ಕಾಲು ಹೋತಂದ್ರ ನನ್ನ ಮನಿ ಊರವರು ನೋಡ್ಕೋತೀರೇನ್ರಿ? ಅಷ್ಟ ಹೇಳಿಬಿಡ್ರಿ."

ಅಷ್ಟೇ ಕೇಳಿದ್ದು. ಆದರೆ ಸಭೆಗೆ ಧರ್ಮಸಂಕಟ ಹಿಡಿಯಿತು. ನಿವೃತ್ತ ಮಾಸ್ತರರು ಎದ್ದು, "ಇವತ್ತ ಕಾಲಿಗೆ ಕೊಟ್ರ ನಾಳೆ ಕೈಗೆ ಕೇಳ್ತಾರ" ಎಂದರು. ಇನ್ನೊಬ್ಬರು, "ರೊಕ್ಕ ಬಂತಂದ್ರ ಆಟದಾಗಿನ ಪ್ರೀತಿ ಹೋತು" ಎಂದರು. ಸಾಹುಕಾರನಿಗೆ ಕಣ್ಣೇ ತುಂಬಿ ಬಂತು. "ಇಂಥಾ ಹುಡುಗನ ತ್ಯಾಗಕ್ಕ ಬೆಲಿ ಕಟ್ಟಾಕ ಆಗ್ತೈತೇನ್ರಿ? ಕಟ್ಟಿದ್ರ ಅವಂಗ ಅವಮಾನ!" ಎಂದ. ಕೊನೆಗೆ ಎಲ್ಲರೂ ಕೂಡಿ ಒಂದು ಪರಿಹಾರ ಕಂಡುಹಿಡಿದರು. ಗವಂಡಿಗೆ 'ತ್ಯಾಗವೀರ' ಎಂಬ ಬಿರುದು. ಒಂದು ಶಾಲು. ಚಪ್ಪಾಳೆ.

ಚಪ್ಪಾಳೆ ನಿಂತ ಮೇಲೆ ಗವಂಡಿಯ ಹೆಂಡತಿ ಮಾತಾಡಿದಳು.

"ಸಾವ್ಕಾರ್ರ, ನಿಮ್ಮ ಮಗಾನೂ ತಂಡದಾಗ ಅದಾನಲ್ರಿ. ಬೆಂಚಿನ ಮ್ಯಾಲೆ ಕುಂತು ಕುಂತು ಅವನ ಅಂಗಿ ಸೈತ ಹೊಲಸಾಗಿಲ್ಲ. ಕಾಲೂ ಗಟ್ಟಿ ಅದಾವು. ಐತವಾರ ಅವನ್ನ ಇಳಸ್ರಿ. ಬಿರುದೂ ಅವಂಗ ಇರ್ಲಿ."

ಸಾಹುಕಾರ ಒಂದು ಗಳಿಗೆಯೂ ಯೋಚಿಸಲಿಲ್ಲ. "ಏ ಹುಚ್ಚಿ! ಆ ಕಡಿಯವ್ರು ಎತ್ತಿನಂಗ ಅದಾರ. ಅವನ ಕಾಲಿಗೆ ಏನರ ಆತಂದ್ರ? ಮುಂದ ಅವನ ಬಾಳೇವು ಯಾರು ನೋಡ್ಬೇಕು?"

ನೋಡಿ. ಬೆಲೆ ಕಟ್ಟಲಾಗದ ಕಾಲಿಗೆ ಎಷ್ಟು ಬೇಗ ಬೆಲೆ ಗೊತ್ತಾಯಿತು ನೋಡಿ! ಮಾಸ್ತರರು ಚಹಾದ ಕಪ್ಪಿನೊಳಗೆ ಏನೋ ಹುಡುಕತೊಡಗಿದರು.

"ನಾವು ಕೇಳಿದ್ದೂ ಅದನ್ನರೀ" ಎಂದು ಹೇಳಿ ಆಕೆ ಗಂಡನನ್ನು ಕರೆದುಕೊಂಡು ಹೊರಟುಹೋದಳು.

ಭಾನುವಾರ ಗವಂಡಿ ಆಡಲಿಲ್ಲ, ಸಾಹುಕಾರನ ಮಗನೂ ಆಡಲಿಲ್ಲ. ಊರು ಸೋತಿತು. ಊರವರು ಯಾರನ್ನು ಬೈದರು, ಹೇಳಿ? ಸರಿಯಾಗಿ ಊಹಿಸಿದಿರಿ. "ಸ್ವಾರ್ಥಿ ಸೂಳೆಮಗ" ಎಂದು ಗವಂಡಿಯನ್ನೇ ಪಾನ್ ಅಂಗಡಿಯಲ್ಲಿ ನಿಂತು ಬೈದರು. ಅವನ ಕಾಲು ವಾಸಿಯಾಗುವವರೆಗೆ ಹೆಂಡತಿ ಅವನು ಕಟ್ಟುತ್ತಿದ್ದ ಅದೇ ಕಟ್ಟಡದಲ್ಲಿ ಇಟ್ಟಿಗೆ ಹೊತ್ತಳು. ಆ ದಾರಿಯಲ್ಲೇ ಊರೆಲ್ಲ ಓಡಾಡಿತು. ಯಾರೂ ನಿಲ್ಲಲಿಲ್ಲ.

ಹಾಗಾದರೆ ಆಟಗಾರರಿಗೆ ಸಂಬಳ ಕೊಡಬೇಕೇ ಎಂದು ನೀವು ಕೇಳಬಹುದು. ಬಹಳ ಯೋಚಿಸಿದ್ದೇನೆ, ಖಚಿತವಾಗಿ ಹೇಳಲಾರೆ. ದುಡ್ಡು ಬಂದರೆ ಪ್ರೀತಿ ಹೋಗುತ್ತದೆ ಎನ್ನುವವರ ಮಾತಿನಲ್ಲೂ ಸ್ವಲ್ಪ ಸತ್ಯ ಇದ್ದೀತು. ನನ್ನ ಮಾತು ತಪ್ಪಿರಬಹುದು. ಆದರೆ ಇಷ್ಟು ಮಾತ್ರ ಧೈರ್ಯವಾಗಿ ಹೇಳುತ್ತೇನೆ: ಪ್ರೀತಿಯಿಂದ ಆಡಿದವನು ಬಿದ್ದಾಗ, ಪ್ರೀತಿಯಿಂದ ನೋಡಿದವರ ಕೆಲಸ ಶುರುವಾಗುತ್ತದೆ. ನಾವು ಆಗಲೇ ಎದ್ದು ಮನೆಗೆ ಹೋಗುತ್ತೇವೆ, ಅಲ್ಲವೇ?

ಸಾಹುಕಾರನನ್ನು ನೆನೆದು ನಗುತ್ತಿದ್ದೀರಿ. ನಗಿ. ಆದರೆ ನಿಮ್ಮ ಸೊಸೆಯನ್ನು ಅನ್ನಪೂರ್ಣೆ ಎಂದು ಹೊಗಳಿ, ಅವಳಿಗೆ ಜ್ವರ ಬಂದ ದಿನ ಒಲೆ ಹೊತ್ತಿತೋ ಇಲ್ಲವೋ ಎಂದು ನೋಡುವವರು ನೀವೇ. ಈ ಜಮಖಾನೆ ಹಾಸಿದ ಹುಡುಗರನ್ನು ಸೇವಾಜೀವಿಗಳು ಎಂದು ಕರೆದು, ಅವರು ಉಂಡರೋ ಇಲ್ಲವೋ ಎಂದು ಕೇಳದವರಲ್ಲಿ ನಾನೂ ಒಬ್ಬ.

ಆದ್ದರಿಂದ ಇವತ್ತಿನಿಂದ ಒಂದು ನೇಮ ಹಿಡಿಯೋಣ. ಇನ್ನೊಬ್ಬರ ತ್ಯಾಗವನ್ನು ಹೊಗಳಲು ಬಾಯಿ ತೆರೆಯುವ ಮೊದಲು, ಆ ಜಾಗದಲ್ಲಿ ನಿಮ್ಮ ಮಗನನ್ನು ನಿಲ್ಲಿಸಿ ನೋಡಿ. ಮನಸ್ಸು ಒಪ್ಪದಿದ್ದರೆ ಹೊಗಳಬೇಡಿ, ಎದ್ದು ಅವರ ನೆರವಿಗೆ ಹೋಗಿ. ನಿಮ್ಮ ಓಣಿಯಲ್ಲೂ ಊರಿಗಾಗಿ ಆಡಿ ಕಾಲು ಮುರಿದುಕೊಂಡು ಮಲಗಿದವನು ಒಬ್ಬನಿರುತ್ತಾನೆ. ನಾಳೆ ಬೆಳಿಗ್ಗೆ ಅವನ ಮನೆಗೆ ಹೋಗಿ. ಬಾಗಿಲಲ್ಲೇ ನಿಂತು "ಏನಾದರೂ ಬೇಕಿದ್ದರೆ ಹೇಳಪ್ಪಾ" ಎನ್ನಬೇಡಿ. ಹಾಗೆ ಕೇಳಿದರೆ ಮಾನವಂತರು ಏನೂ ಬೇಡ ಎನ್ನುತ್ತಾರೆ. ಅದು ಗೊತ್ತಿದ್ದೇ ನಾವು ಹಾಗೆ ಕೇಳುತ್ತೇವೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ. ಕೊಡ ಖಾಲಿಯಿದ್ದರೆ ನೀರು ತನ್ನಿ.