ರಫು ಎಲ್ಲಿದೆ, ಹುಡುಕು

ಫೋನು ಡ್ರಾಯರಿನಲ್ಲಿತ್ತು ಕಣೇ, ಕೇಳಿಸಲಿಲ್ಲ. ನಾಲ್ಕು ಸಲ ಮಾಡಿದ್ರಂತಾ? ಮಾಡಿರ್ತಾರೆ. ಆ ಆಸ್ಪತ್ರೆ ನರ್ಸಮ್ಮನ ಕೆಲಸವೇ ಅದಲ್ವಾ, ಲಿವರ್ ಬದಲಾಯಿಸಿಕೊಂಡವರ ಪಟ್ಟಿ ಮುಂದಿಟ್ಕೊಂಡು ಬೆಳಗ್ಗಿಂದ ಒಬ್ಬೊಬ್ಬರಿಗೇ ಫೋನ್ ಹಚ್ಚೋದು. ಆದ್ರೂ ನಾನು ಎತ್ತಲಿಲ್ಲ ಅಂತ ನಿನಗೆ ಮಾಡೋದಾ? ಮಾಡಿದ್ಲು ಅಂತ ನೀನು ಸ್ಕೂಲು ಬಿಟ್ಟು ಓಡಿ ಬರೋದಾ? ಆರನೇ ಕ್ಲಾಸಿನ ನಲವತ್ತು ಕೋತಿಗಳನ್ನ ಯಾರ ಕೈಗೆ ಒಪ್ಪಿಸಿ ಬಂದೆ?

ಕೂತ್ಕೋ ಮೊದಲು. ಆ ಸ್ಟೂಲು ಬೇಡ, ಕಾಲು ಅಲ್ಲಾಡುತ್ತೆ. ಇರು, ಈ ಕುರ್ಚಿ ಮೇಲಿನ ಕೋಟು ತೆಗೀತೀನಿ... ಹಾಂ. ಯಾಕೆ ಹಾಗೆ ಪಕ್ಕೆ ಹಿಡ್ಕೊಂಡೆ? ಗಾಯದ ಹತ್ರ ಈಗಲೂ ಎಳೆಯುತ್ತಾ? ನಂಗೆ ಲಿವರ್ ಕೊಟ್ಟು ಹದಿನಾಲ್ಕು ತಿಂಗಳಾಯ್ತಲ್ಲೇ. ಓಡಿ ಬಂದಿದ್ದಕ್ಕೆ ಅದು. ನೋಡು, ಅದಕ್ಕೇ ಹೇಳಿದ್ದು.

ನೀರು ಬೇಕಾ? ಟೀ ಹೇಳ್ಲಾ? ಸರಿ, ಬೇಡ ಬಿಡು.

ಹೂಂ, ರಿಪೋರ್ಟ್ ವಿಷಯ. ಏನಂದ್ಲು ನಿನಗೆ? ಲಿವರಿನ ಅಂಕಿ ಮೂರು ಪಟ್ಟು ಏರಿದೆ, ಮಧ್ಯಾಹ್ನದೊಳಗೆ ಕರ್ಕೊಂಡು ಬನ್ನಿ. ಇಷ್ಟೇ ತಾನೆ? ಅಷ್ಟಕ್ಕೆ ಈ ಮುಖ. ಹೋಗೋಣ ಕಣೇ. ಹೋಗಲ್ಲ ಅಂದ್ನಾ ನಾನು? ಈ ಕೋಟಿನ ರಫು ಒಂದು ಮುಗಿಸಿಬಿಡ್ತೀನಿ, ತೂತು ಮುಚ್ಚೋಕೆ ಇನ್ನು ಎಂಟು ಎಳೆ ಉಳಿದಿವೆ. ಮಾತಾಡ್ತಾ ಮಾತಾಡ್ತಾ ಆಗಿಹೋಗುತ್ತೆ. ಏರೋ ಅಂಕಿ ಇಳಿಯುತ್ತೆ. ಲ್ಯಾಬಿನವರದ್ದೇ ತಪ್ಪಿರಬಹುದು. ಆ ಹುಡುಗಿ ರಕ್ತ ತೆಗೆಯುವಾಗ ಇಯರ್‌ಫೋನ್ ಹಾಕ್ಕೊಂಡು ಯಾರ ಜೊತೆಗೋ ಜಗಳ ಆಡ್ತಿದ್ಲು, ನನ್ನ ನರ ಎಲ್ಲಿದೆ ಅಂತ ಅವಳಿಗೆ ಪರಿವೆಯೇ ಇರಲಿಲ್ಲ. ಅಂಥವಳು ಯಾರ ರಕ್ತಕ್ಕೆ ಯಾರ ಚೀಟಿ ಅಂಟಿಸಿದ್ಲೋ.

ನಗಬಹುದು ಗುಂಡಿ, ತಮಾಷೆ ಮಾಡಿದೆ.

ನಲವತ್ತು ವರ್ಷದ ಟೀಚರನ್ನ ಗುಂಡಿ ಅನ್ನಬಾರದು, ನಂಗೊತ್ತು. ಆದ್ರೆ ಇದೇ ಮೇಜಿನ ಮೇಲಿಂದ ಕೋಟಿನ ಗುಂಡಿ ನುಂಗಿದವಳು ನೀನು ತಾನೆ? ಮೂರು ದಿನ ಅಪ್ಪ ನಿನ್ನ ಹಿಂದೆ ಹಿಂದೆ ಓಡಾಡಿದ್ರು, ಗುಂಡಿ ಬಂತಾ ಗುಂಡಿ ಬಂತಾ ಅಂತ. ಬಂದ ಮೇಲೆ ಅದನ್ನ ತೊಳೆದು, ಅದೇ ಕೋಟಿಗೆ ಹೊಲಿದು ಕೊಟ್ಟರು ಮಹಾನುಭಾವರು. ಏನನ್ನೂ ಎಸೆಯೋ ಪೈಕಿ ಅಲ್ಲ ಅಪ್ಪ. ನಂಗೂ ಅದೇ ಬಂದಿದೆ... ಏನನ್ನೂ ಎಸೆಯೋಕಾಗಲ್ಲ.

ಏನು ನೋಡ್ತಿದ್ದೀಯ ಆ ಕಪಾಟನ್ನ? ಬರೀ ಗುಂಡಿ ಡಬ್ಬಗಳು. ಧೂಳು ಒರೆಸಬೇಕು, ಗೊತ್ತು. ಇಲ್ಲಿ ನೋಡು, ಈ ಕಡೆ.

ಮಾತ್ರೆನಾ? ತಗೊಂಡಿದೀನಿ ಕಣೇ. ಬೆಳಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ಗಡಿಯಾರ ನನ್ನ ನೋಡಿ ಟೈಮ್ ಸರಿ ಮಾಡ್ಕೊಳ್ಳುತ್ತೆ. ತಗೋ, ನೀನೇ ತಂದ್ಕೊಟ್ಟ ಪೆಟ್ಟಿಗೆ, ಏಳು ದಿನಕ್ಕೆ ಎರಡೆರಡು ಮನೆ, ಮುಚ್ಚಳ ತೆಗೆದು ನೋಡು. ಸೋಮವಾರ ಖಾಲಿ. ಮಂಗಳವಾರ ಖಾಲಿ. ಇವತ್ತಿನದು, ಬೆಳಗಿನ ಮನೆ ಖಾಲಿ. ಆಯ್ತಾ? ಕಾಪಿ ತಿದ್ದೋ ಹಾಗೆ ರೈಟ್ ಮಾರ್ಕ್ ಹಾಕು ಬೇಕಾದ್ರೆ.

ರಕ್ತದಲ್ಲೂ ಮಾತ್ರೆ ಸರಿಯಾಗೇ ಸಿಕ್ಕಿದೆ, ಅದನ್ನೂ ಹೇಳಿರಬೇಕಲ್ಲ ಅವಳು. ಹೇಳಿದ್ಲು ತಾನೆ? ಮತ್ತೆ! ಮಾತ್ರೆ ಸರಿ ಇದೆ, ಆದ್ರೂ ಲಿವರ್ ಮುನಿಸ್ಕೊಂಡಿದೆ. ಡಾಕ್ಟರಿಗೇ ಅರ್ಥ ಆಗಿಲ್ಲ ಅಂದ್ರೆ ನಾನೇನು ಮಾಡಲಿ, ಬಿ.ಕಾಂ. ಓದಿದವಳು.

ಆ ಡಾಕ್ಟರಿಗೆ ನನ್ನ ಮೇಲೆ ಮೊದಲಿಂದಲೂ ಅನುಮಾನ ಬಿಡು. ನೆನಪಿದೆಯಾ, ಮೊದಲನೇ ದಿನ? ಕಣ್ಣೆಲ್ಲ ಹಳದಿ, ಹೊಟ್ಟೆ ನೀರು ತುಂಬಿ ಇಷ್ಟು ದಪ್ಪ. ‘ಕುಡೀತಿದ್ರಾ?’ ಅಂದ್ರು. ಇಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ‘ಯಾವಾಗ್ಲಾದ್ರೂ?’ ಇಲ್ಲ. ಹೋಗುವಾಗ ಬಾಗಿಲಲ್ಲಿ ನಿಲ್ಲಿಸಿ ಮೂರನೇ ಸಲ ಕೇಳಿದಾಗ ನಂಗೇ ಅನುಮಾನ ಬಂತು, ನಿದ್ದೆಗಣ್ಣಲ್ಲಿ ಎದ್ದು ಹೋಗಿ ಕುಡಿದು ಬರ್ತಿದ್ನೇನೋ ಅಂತ. ಮೇಲಿನ ಮಹಡಿಯಾಕೆ ಏನಂದ್ಲು ಗೊತ್ತಾ? ಆಪರೇಷನ್ ಆಗಿ ಮನೆಗೆ ಬಂದಾಗ ಹಣ್ಣು ಹಿಡ್ಕೊಂಡು ಬಂದು, ನನ್ನ ಕೈ ಸವರಿ, ‘ಎಷ್ಟು ಮರ್ಯಾದೆಯಿಂದ ಇದ್ರಿ, ಒಂದು ದಿನವೂ ಗೊತ್ತೇ ಆಗಲಿಲ್ಲ ನೋಡಿ’ ಅಂದ್ಲು. ಮೆಚ್ಚಿಕೊಂಡಿದ್ದು ಅದು. ಮುಚ್ಚಿಡೋದ್ರಲ್ಲಿ ನಾನು ಎತ್ತಿದ ಕೈ ಅಂತ.

...ಮುಚ್ಚಿಡೋಕೆ ಏನಿತ್ತು ಹೇಳು. ಮೈಯ ಕಾವಲುಗಾರರೇ ಲಿವರನ್ನ ಕಳ್ಳ ಅಂದ್ಕೊಂಡು ಬಡಿದು ಹಾಕಿದ್ರು. ಡಾಕ್ಟರೇ ಹೇಳಿದ್ದು. ಈಗ ನಿನ್ನ ಲಿವರ್ ಬಂದು ಕೂತಿದೆ, ಅದನ್ನೂ ಅವರು ಬಡೀದೇ ಇರಲಿ ಅಂತ ಈ ಮಾತ್ರೆ, ಕಾವಲುಗಾರರಿಗೆ ತೂಕಡಿಕೆ ಬರಿಸೋದಕ್ಕೆ. ಒಂದು ಹೊತ್ತು ತಪ್ಪಿದ್ರೂ ಅವರು ಎದ್ದು ಕೂರ್ತಾರೆ... ನಂಗೂ ಗೊತ್ತಿದೆ ಗುಂಡಿ. ಯಾಕೆ ಹಾಗೆ ನೋಡ್ತೀಯ? ಪಾಠ ಒಪ್ಪಿಸಿದೆ, ತಪ್ಪಾಯ್ತಾ?

ಈ ನಿನ್ನ ಟೀಚರ್ ಮೌನ ಒಂದು ನಂಗೆ ಆಗಲ್ಲ. ಮಕ್ಕಳಿಗೆ ಹೀಗೇ ಮಾಡ್ತೀಯಲ್ವಾ? ಏನೂ ಕೇಳೋದಿಲ್ಲ, ಬೈಯೋದಿಲ್ಲ, ಸುಮ್ನೆ ಎದುರಿಗೆ ಕೂರೋದು. ಪಾಪ ಅವು ಮಾಡದೇ ಇದ್ದ ತಪ್ಪನ್ನೂ ಒಪ್ಪಿಕೊಳ್ತವೆ. ನಾನು ಆರನೇ ಕ್ಲಾಸಲ್ಲ. ನಿನಗಿಂತ ಆರು ವರ್ಷ ದೊಡ್ಡವಳು.

ಇಲ್ಲಿ ಬಾ, ಬೇರೆ ವಿಷಯ ಮಾತಾಡೋಣ. ಈ ಕೋಟು ನೋಡು. ಎದುರು ಬೀದಿ ಡ್ರೈಕ್ಲೀನರು ಕಳಿಸಿದ್ದು. ತೀರಿಹೋದ ಗಂಡನ ಕೋಟು ಅಂತೆ, ಆ ಹೆಂಗಸು ಮಗನಿಗೆ ಹಾಕಿಸಬೇಕು ಅಂತ ತೆಗೆದಿದ್ದಾಳೆ. ನುಸಿ ತಿಂದು ಎದೆ ಮೇಲೇ ಎರಡು ತೂತು. ಡ್ರೈಕ್ಲೀನರು ಮತ್ತೆ ನನ್ನ ಹತ್ರ ಕಳಿಸ್ತಿದ್ದಾರೆ ಅನ್ನೋದೇ ದೊಡ್ಡದು. ನಡುವೆ ನಿಲ್ಲಿಸಿಬಿಟ್ಟಿದ್ರಲ್ಲ.

ನಿನಗೆ ಹೇಳಲಿಲ್ವಾ ಅದನ್ನ? ಹೇಳಿಲ್ಲವೇನೋ. ಐದು ತಿಂಗಳ ಹಿಂದೆ. ಬ್ಯಾಂಕ್ ಮ್ಯಾನೇಜರ ಕೋಟು ಒಂದು. ಮಾಡಿ ಮುಗಿಸಿ, ಈ ಭೂತಗನ್ನಡಿ ಅವರ ಕೈಗಿಟ್ಟು, ಅಪ್ಪ ಅಂತಿದ್ರಲ್ಲ ಹಾಗೇ, ‘ರಫು ಎಲ್ಲಿದೆ, ಹುಡುಕಿ’ ಅಂದೆ. ಅಪ್ಪನ ಕಾಲದಿಂದ ಯಾರಿಗೆ ಸಿಕ್ಕಿದೆ ಹೇಳು? ಗಿರಾಕಿ ಕಿಟಕಿ ಹತ್ರ ಹೋಗಿ, ತಿರುಗಿಸಿ ಮುರುಗಿಸಿ, ಕೊನೆಗೆ ಸೋತು ನಕ್ಕೊಂಡು ಹೋಗಬೇಕು. ಸಿಕ್ಕಿದ್ರೆ ಅಲ್ಲೇ ಬಿಚ್ಚಿ ಮತ್ತೆ ಹಾಕಬೇಕು, ಅದು ಅಂಗಡಿಯ ಕಟ್ಟುಪಾಡು. ಆ ಮನುಷ್ಯ ಭೂತಗನ್ನಡಿ ತಗೊಳ್ಳಲೇ ಇಲ್ಲ. ಅಷ್ಟು ದೂರದಿಂದ, ಅಲ್ಲಿ ಬಾಗಿಲಿಂದ, ಬೆರಳಿಟ್ಟು ತೋರಿಸಿದ. ಗಂಟುಗಂಟಾಗಿ ಎದ್ದು ಕಾಣ್ತಿತ್ತು, ಹಾಸಿನ ಎಳೆ ಎಲ್ಲೋ ಹೊಕ್ಕಿನ ಎಳೆ ಎಲ್ಲೋ. ಬೈದಿದ್ರೆ ಚೆನ್ನಾಗಿತ್ತು. ಒಳ್ಳೆ ಮನುಷ್ಯ, ‘ಪರವಾಗಿಲ್ಲ ಬಿಡಿ ಮೇಡಂ, ಯಾರು ನೋಡ್ತಾರೆ, ನಿಮ್ಮ ಆರೋಗ್ಯ ಮುಖ್ಯ’ ಅಂದ.

ಯಾರು ನೋಡ್ತಾರಂತೆ.

ಇಪ್ಪತ್ತೆರಡು ವರ್ಷ ಕೂತಿದೀನಿ ಈ ಮೇಜಿಗೆ. ಬಿಚ್ಚಿ ಮತ್ತೆ ಹಾಕೋಣ ಅಂತ ಆಮೇಲೆ ಸೂಜಿ ಹಿಡಿದ್ರೆ ದಾರ ಪೋಣಿಸೋಕೇ ಆಗಲಿಲ್ಲ. ಹದಿನೇಳು ಸಲ. ಎಣಿಸಿದೆ. ಹದಿನೆಂಟನೇ ಸಲಕ್ಕೆ ಸೂಜಿ ಎಲ್ಲಿ ಬಿತ್ತೋ... ನೀನು ನೋಡಿದೀಯಲ್ಲ ಆಗ ನನ್ನ ಕೈ. ಗಂಜಿ ಚಮಚ ಬಾಯಿಗೆ ಬರೋದ್ರೊಳಗೆ ಅರ್ಧ ಮಡಿಲಿಗೆ. ನೀನೇ ಬಾಯಿಗೆ ಹಾಕ್ತಿದ್ದೆ, ಮೊದಲು ನಿನ್ನ ಮಗುವಿಗೆ, ಆಮೇಲೆ ನನಗೆ, ಒಂದೇ ಚಮಚ. ಡಾಕ್ಟರಿಗೆ ಹೇಳಿದ್ರೆ, ‘ಮಾತ್ರೆಯಿಂದ ಆಗೋದು ಅದು, ಸುಮಾರು ಜನಕ್ಕೆ ನಡುಗುತ್ತೆ, ನಿಧಾನವಾಗಿ ಡೋಸ್ ಇಳಿಸ್ತೀವಿ, ಅಲ್ಲೀವರೆಗೆ ಸಹಿಸ್ಕೊಳ್ಳಿ. ಏನು ಕೆಲಸ ನಿಮ್ದು? ಹೊಲಿಗೆನಾ? ಯಾರಾದ್ರೂ ಕೆಲಸದವರನ್ನ ಇಟ್ಕೊಳ್ಳಿ.’ ಹೊಲಿಗೆಯಂತೆ. ಆಮೇಲೆ ನಾನು ಅವರ ಹತ್ರ ಕೈ ಸುದ್ದಿ ಎತ್ತಲಿಲ್ಲ.

ಈಗ ಸರಿ ಹೋಗಿದೆ ಬಿಡು. ತಾನಾಗೇ. ಮೈಗೆ ಒಗ್ಗಿತು ಅನ್ಸುತ್ತೆ.

ಇಲ್ಲಿ ನೋಡು, ಒಳಮಡಿಕೆಯಿಂದ ಎಳೆ ತೆಗೀತಿದೀನಿ. ಅಂಗಡಿಯಿಂದ ತಂದ ದಾರ ಎಷ್ಟೇ ಬಣ್ಣ ಹೊಂದಲಿ, ಎರಡು ಸಲ ತೊಳೆದ್ರೆ ಬೇರೆ ಅಂತ ಹೇಳ್ಕೊಳ್ಳುತ್ತೆ. ಅದೇ ಬಟ್ಟೆಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆಯಿಂದ ಎಳೆದು ತೂತಿಗೆ ನೇಯಬೇಕು. ನಿನ್ನದು ನಂಗೆ ಹೊಂದುತ್ತೆ ಅಂತ ರಿಪೋರ್ಟ್ ಬಂದ ದಿನ ನಾನು ಅಂದಿದ್ದೆ ನೋಡು, ‘ಒಂದೇ ಥಾನಿನ ಬಟ್ಟೆ ಡಾಕ್ಟ್ರೇ, ಹೊಂದದೇ ಏನಾಗುತ್ತೆ’ ಅಂತ. ಪಾಪ, ಅವರಿಗೆ ಅರ್ಥವೇ ಆಗಲಿಲ್ಲ. ನೀನು ನಕ್ಕಿದ್ದೆ. ಸ್ಟ್ರೆಚರ್ ಮೇಲೆ ಒಳಗೆ ಹೋಗುವಾಗಲೂ ನಗ್ತಿದ್ದೆ. ಅರ್ಧಕ್ಕಿಂತ ಜಾಸ್ತಿ ಕೊಯ್ದು ಕೊಟ್ಟು... ನಿನ್ನದು ಮೂರು ತಿಂಗಳಲ್ಲಿ ಬೆಳೆದುಬಿಡ್ತು. ಹುಷಾರಿ ನೀನು.

ಏನಾದ್ರೂ ಮಾತಾಡೇ.

ಆಯ್ತು, ನೀನು ಮಾತಾಡಬೇಡ, ನಾನು ತೋರಿಸ್ತೀನಿ. ನಾನು ಹುಷಾರಾಗಿದೀನಿ ಅನ್ನೋದಕ್ಕೆ ರಕ್ತ ಯಾಕೆ, ರಿಪೋರ್ಟ್ ಯಾಕೆ. ಈ ಸೂಜಿ ನೋಡು, ಇಡೀ ಡಬ್ಬದಲ್ಲೇ ಸಣ್ಣದು, ಅಪ್ಪನಿಗೂ ಇದಕ್ಕೆ ಕನ್ನಡಕ ಬೇಕಿತ್ತು. ಇದು ಎಳೆ. ನೋಡ್ತಿದೀಯಾ? ನಾಲಿಗೆಗೆ ಕೂಡ ತಾಗಿಸಲ್ಲ... ಹೀಗೆ ಹಿಡಿದು... ಹೋಯ್ತು.

ಒಂದೇ ಸಲಕ್ಕೆ. ನೋಡಿದ್ಯಾ? ಒಂದೇ ಸಲಕ್ಕೆ. ಈಗ ಹೇಳು ಆ ನರ್ಸಮ್ಮನಿಗೆ. ತಗೋ ಭೂತಗನ್ನಡಿ, ಮುಗಿಸಿರೋ ತೂತು ಒಂದಿದೆ ಇದರಲ್ಲಿ. ರಫು ಎಲ್ಲಿದೆ, ಹುಡುಕು. ಕಿಟಕಿ ಹತ್ರ ಹೋಗು. ನಿಂಗೆ ಸಿಕ್ಕಿದ್ರೆ ಇವತ್ತೇ ಅಂಗಡಿ ಬೋರ್ಡು ಇಳಿಸ್ತೀನಿ.

ಹುಡುಕೇ.

ಕೋಟಿನ ಮೇಲೆ ಹಿಡಿ ಅದನ್ನ. ಅಲ್ಲಿ ಏನಿದೆ? ಅದು ನನ್ನ ಕೈ. ಕೈಯಲ್ಲಿ ಏನು ಹುಡುಕ್ತೀಯ... ರಫು ಇರೋದು ಕೋಟಲ್ಲಿ.

ಗುಂಡಿ. ಆ ಗಾಜು ತೆಗಿ.

ಯಾಕೆ, ನೆಟ್ಟಗೆ ನಿಂತಿರೋ ಕೈ ನೋಡಿಲ್ವಾ ನೀನು? ಮೈಗೆ ಒಗ್ಗಿತು ಅಂದೆನಲ್ಲ. ಆಗುತ್ತೆ ಒಬ್ಬೊಬ್ಬರಿಗೆ. ಮಾತ್ರೆ ಹೋಗ್ತಾ ಇದ್ರೂ ಕೈ... ಡಾಕ್ಟರು ಡೋಸ್ ಇಳಿಸಿಲ್ಲ, ಹೌದು. ಇನ್ನೂ ಇಳಿಸಿಲ್ಲ. ನಿನಗೇ ಗೊತ್ತಿದೆಯಲ್ಲ, ಎಲ್ಲ ಚೀಟಿ ನಿನ್ನ ಫೈಲಲ್ಲೇ ಇದೆ.

ಹಾಗೆ ನೋಡಬೇಡ.

ಬೆಳಗಿನದು ಮಾತ್ರ. ರಾತ್ರಿದು ಒಂದು ದಿನವೂ ಬಿಟ್ಟಿಲ್ಲ, ನಿನ್ನಾಣೆ... ಆಣೆ ಬೇಡ, ಸರಿ. ಅದೂ ಕೆಲಸ ಇರೋ ದಿನ ಮಾತ್ರ. ನಾಲ್ಕು ತಿಂಗಳಿಂದ. ರಕ್ತ ಕೊಡೋಕೆ ಮುಂಚೆ ನಾಲ್ಕು ದಿನ ಎರಡು ಹೊತ್ತೂ ಸರಿಯಾಗಿ ನುಂಗ್ತಿದ್ದೆ. ಪರೀಕ್ಷೆಗೆ ಮುಂಚೆ ಓದ್ತಾವಲ್ಲ ನಿನ್ನ ಕೋತಿಗಳು, ಹಾಗೆ. ಅದಕ್ಕೇ ರಕ್ತದಲ್ಲಿ ಮಾತ್ರೆ ಸರಿ ಇದೆ.

ಮೊದಲನೇ ವಾರ ಸುಮ್ನೆ ನೋಡೋಣ ಅಂತ ಬಿಟ್ಟಿದ್ದು. ಏಳನೇ ದಿನಕ್ಕೆ ಸೂಜಿಗೆ ದಾರ ಹೋಯ್ತು ಗುಂಡಿ. ಇಲ್ಲೇ ಕೂತು ಅತ್ತೆ ನಾನು. ನೀನು ನನ್ನ ಬದುಕಿಸಿದೆ, ಸರಿ. ಬದುಕಿ ಎದ್ದವಳು ಯಾರು ಅಂತ ನಂಗೆ ಗೊತ್ತಾಗ್ತಾನೇ ಇರಲಿಲ್ಲ. ಗಂಜಿ ಚೆಲ್ಕೊಳ್ಳೋ ಯಾವಳೋ ಒಬ್ಬಳು. ಅಂಕಿ ಏರದೇ ಇದ್ದ ಮೂರು ತಿಂಗಳು, ನಡೀತಿದೆಯಲ್ಲ, ಇಷ್ಟೇ ಸಾಕೇನೋ ಅಂದ್ಕೊಂಡೆ. ನಿನ್ನದು ಗಟ್ಟಿ ಲಿವರು, ನಿನ್ನ ಹಾಗೇ, ತಡ್ಕೊಳ್ಳುತ್ತೆ ಅಂದ್ಕೊಂಡೆ.

ಬೈಯಾದ್ರೂ ಬೈ.

ಬಿಟ್ಟ ಮಾತ್ರೆ ಎಸೆದಿಲ್ಲ. ಎಸೆಯೋಕಾಗಲಿಲ್ಲ. ಮೂರನೇ ಸಾಲಿನಲ್ಲಿ, ಕೋಟಿನ ಗುಂಡಿ ಅಂತ ಅಪ್ಪನ ಅಕ್ಷರ ಇರೋ ಡಬ್ಬ. ಅದೇ. ಅಷ್ಟು ಹೊತ್ತಿಂದ ಅದನ್ನೇ ನೋಡ್ತಿದ್ಯಲ್ಲ ನೀನು. ನಿಂಗೆ ಗೊತ್ತಿತ್ತಾ? ಇಲ್ವಾ? ಅಲ್ಲಾಡಿಸಬೇಡ, ಸದ್ದಲ್ಲೇ ಗೊತ್ತಾಗುತ್ತೆ ಎಷ್ಟಿದೆ ಅಂತ. ಚೀಲಕ್ಕೆ ಹಾಕ್ಕೋ. ಡಾಕ್ಟರಿಗೆ ತೋರಿಸೋಣ, ನಾನೇ ಹೇಳ್ತೀನಿ. ನೀನು ಪಕ್ಕದಲ್ಲಿ ಕೂತಿರು, ಅಷ್ಟೇ, ಈಗ ಕೂತ ಹಾಗೆ. ಬಾಯಿ ಬಿಡೋದು ಬೇಡ.

ಲಿವರ್ ಇನ್ನೂ ಉಳಿಸ್ಕೋಬಹುದು ಅಂದ್ಲಾ ಆ ನರ್ಸಮ್ಮ? ಬೇಗ ಬಂದ್ರೆ ಅಂದ್ಲಾ?

ತಲೆ ಆಡಿಸ್ತಿದೀಯ. ಹೌದು ಅಂತ ತಾನೆ?

ಸೂಜಿ ಇಲ್ಲೇ ಚುಚ್ಚಿಟ್ಟಿದೀನಿ, ಕೋಟು ಹಾಗೇ ಇರಲಿ. ದೀಪ ಆರಿಸು. ನಡಿ, ನಡಿ, ಪಕ್ಕೆ ಹಿಡ್ಕೊಂಡು ಓಡಬೇಡ, ಆಟೋ ಹಿಡಿಯೋಣ. ಶಟರ್ ನಾನು ಎಳೀತೀನಿ, ನಿನಗೆ ಭಾರ... ಹಾಂ. ಒಂದು ನಿಮಿಷ. ಬೀಗ ಒಂದು ಹಾಕಿಬಿಡ್ತೀನಿ.

ಗುಂಡಿ, ಇಲ್ಲಿ ಬಾ. ಈ ಬೀಗದ ಕೈ ತಗೋ. ನೀನೇ ಹಾಕು. ಅಷ್ಟು ದೊಡ್ಡ ತೂತು, ನಂಗೆ ಒಳಗೆ ಹೋಗ್ತಾನೇ ಇಲ್ಲ.